ಐದು ಒಲಿಂಪಿಕ್ಸ್ ಆಡಿದ ಬೆಲ್ಜಿಯಂನ ಜೂಡೋ ಪಟು

ಎಲ್ಲರಿಗೂ ನಮಸ್ಕಾರ. 1980ರ ಮಾಸ್ಕೋ ಒಲಿಂಪಿಕ್ಸ್ ಅಂದರೆ ನಮಗೆ ಹಾಕಿ ಚಿನ್ನ ನೆನಪಾಗುತ್ತದೆ, ಅಲ್ವಾ? ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ತಂಡ ಅದು. ಆ ಸಲ ಭಾರತಕ್ಕೆ ಸಿಕ್ಕಿದ್ದು ಅದೊಂದೇ ಪದಕ. ಬೆಲ್ಜಿಯಂ ಕಥೆಯೂ ಹಾಗೇ. ಒಂದೇ ಪದಕ, ಅದೂ ಚಿನ್ನ. ಗೆದ್ದವರು ರಾಬರ್ಟ್ ವಾನ್ ಡೆ ವಾಲ್ಲೆ, ಆಟ ಜೂಡೋ, 95 ಕೆಜಿ ವಿಭಾಗ.

ಇವರು ಹುಟ್ಟಿದ್ದು 1954ರಲ್ಲಿ, ಸಮುದ್ರ ದಡದ ಓಸ್ಟೆಂಡ್ ಊರಿನಲ್ಲಿ. ಮೊದಲ ಒಲಿಂಪಿಕ್ಸ್ 1976ರ ಮಾಂಟ್ರಿಯಲ್. ಆಗ ಈ ವಿಭಾಗದ ಮಿತಿ 93 ಕೆಜಿ ಇತ್ತು, ಆಮೇಲೆ 95 ಆಯಿತು, ಈಗ 100. ಮಾಂಟ್ರಿಯಲ್‌ನಲ್ಲಿ ಪದಕ ಬರಲಿಲ್ಲ. ಜಪಾನಿನ ಕಜುಹಿರೊ ನಿನೊಮಿಯಾ ಗೆದ್ದರು.

ನನಗೆ ಇಷ್ಟವಾಗುವ ಭಾಗ ಇಲ್ಲಿಂದ ಮುಂದೆ. 1979ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಚಿನ್ನ ಸೋವಿಯತ್ ಒಕ್ಕೂಟದ ತೆಂಗಿಜ್ ಖುಬುಲೂರಿಗೆ, ಬೆಳ್ಳಿ ವಾನ್ ಡೆ ವಾಲ್ಲೆಗೆ. ಮರುವರ್ಷ ಮಾಸ್ಕೋದಲ್ಲಿ ಮತ್ತೆ ಅದೇ ಇಬ್ಬರು, ಒಲಿಂಪಿಕ್ ಫೈನಲ್‌ನಲ್ಲಿ. ಎದುರಿಗಿರುವವನು ವಿಶ್ವ ಚಾಂಪಿಯನ್, ಸುತ್ತ ಕೂತಿರುವ ಜನರೆಲ್ಲ ಅವನ ಕಡೆಯವರೇ. ಅಲ್ಲಿ ಬೆಲ್ಜಿಯಂನವರು ಗೆದ್ದರು. 1981ರಲ್ಲಿ ಮಾಸ್ಟ್ರಿಕ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಟ್ಟ ಮತ್ತೆ ಖುಬುಲೂರಿ ಪಾಲಾಯಿತು, ವಾನ್ ಡೆ ವಾಲ್ಲೆಗೆ ಮತ್ತೆ ಬೆಳ್ಳಿ. ವಿಶ್ವ ಪಟ್ಟ ಇವರಿಗೆ ಕೊನೆಗೂ ಒಲಿಯಲಿಲ್ಲ.

ಮಾಸ್ಕೋ ಪದಕದ ಬಗ್ಗೆ ಕೊಂಕು ಮಾತು ಇದ್ದೇ ಇದೆ. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದಕ್ಕೆ ಅಮೆರಿಕ, ಪಶ್ಚಿಮ ಜರ್ಮನಿ, ಜಪಾನ್ ಎಲ್ಲ ಬಹಿಷ್ಕಾರ ಹಾಕಿದ್ದವು. ಜಪಾನೇ ಇಲ್ಲದ ಜೂಡೋ ಎಂಥದ್ದು ಅಂತ ಕೇಳುವವರಿದ್ದಾರೆ. ಬೆಲ್ಜಿಯಂ ಹೋಯಿತು, ಆದರೆ ತನ್ನ ಬಾವುಟ ಹಿಡಿಯದೆ ಒಲಿಂಪಿಕ್ ಬಾವುಟದ ಕೆಳಗೆ ಆಡಿತು. ನಮ್ಮ ಹಾಕಿ ಚಿನ್ನಕ್ಕೂ ಇದೇ ಮಾತು ಅನ್ನುತ್ತಾರಲ್ಲ, ಅದಕ್ಕೆ ನನಗೆ ಸ್ವಲ್ಪ ಜಾಸ್ತಿಯೇ ಸಿಟ್ಟು ಬರುತ್ತದೆ. ಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನು ಅಂತ ನೋಡಬೇಕಲ್ವಾ?

ಹಾಗಿದ್ದೂ ನನ್ನನ್ನು ಕೇಳಿದರೆ ಇವರ ದೊಡ್ಡ ಪದಕ ಆ ಚಿನ್ನ ಅಲ್ಲ, 1988ರ ಸೋಲ್‌ನ ಕಂಚು. 1984ರ ಲಾಸ್ ಏಂಜಲೀಸ್‌ನಲ್ಲಿ ಬರಿಗೈ. ವಯಸ್ಸು 30 ದಾಟಿತ್ತು. ಇಷ್ಟು ಭಾರದ ವಿಭಾಗದಲ್ಲಿ ಆ ವಯಸ್ಸಿಗೆ ಮಂಡಿ, ಬೆರಳು, ಭುಜ ಎಲ್ಲವೂ ಬೇರೆಯೇ ಭಾಷೆ ಮಾತಾಡಲು ಶುರು ಮಾಡುತ್ತವೆ. ಈ ಮನುಷ್ಯ ಮತ್ತೆ ನಾಲ್ಕು ವರ್ಷ ತಯಾರಿ ಮಾಡಿ 34ನೇ ವಯಸ್ಸಿನಲ್ಲಿ ಸೋಲ್‌ಗೆ ಹೋದರು, ಅಲ್ಲಿ ಜಪಾನ್, ಸೋವಿಯತ್, ಅಮೆರಿಕ ಎಲ್ಲರೂ ಇದ್ದರು. ಬ್ರೆಜಿಲ್‌ನ ಔರೇಲಿಯೊ ಮಿಗೆಲ್‌ಗೆ ಚಿನ್ನ, ಪಶ್ಚಿಮ ಜರ್ಮನಿಯ ಮಾರ್ಕ್ ಮೈಲಿಂಗ್‌ಗೆ ಬೆಳ್ಳಿ. ಜೂಡೋದಲ್ಲಿ ಕಂಚು ಎರಡು ಇರುತ್ತವೆ, ಒಂದು ಬ್ರಿಟನ್ನಿನ ಡೆನಿಸ್ ಸ್ಟುವರ್ಟ್‌ಗೆ, ಇನ್ನೊಂದು ಇವರಿಗೆ. ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದ ಜಪಾನಿನ ಹಿತೋಶಿ ಸುಗೈಗೆ ಏನೂ ಸಿಗಲಿಲ್ಲ.

ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಅದೇ ಕಾಲದಲ್ಲಿ ಬೆಲ್ಜಿಯಂನಲ್ಲಿ ಇನ್ನೂ ಹೆಚ್ಚು ಗೆದ್ದವರೊಬ್ಬರಿದ್ದರು, ಇಂಗ್ರಿಡ್ ಬರ್ಗ್‌ಮನ್ಸ್. 72 ಕೆಜಿ ಮತ್ತು ತೂಕದ ಮಿತಿಯಿಲ್ಲದ ಮುಕ್ತ ವಿಭಾಗ ಸೇರಿ ಆರು ವಿಶ್ವ ಪಟ್ಟ! ಸೋಲ್‌ನಲ್ಲಿ ಅವರೂ ಗೆದ್ದರು, ಆದರೆ ಅಲ್ಲಿ ಮಹಿಳಾ ಜೂಡೋ ಬರೀ ಪ್ರದರ್ಶನಕ್ಕೆ. ಪದಕ ಪಟ್ಟಿಯಲ್ಲಿ ಲೆಕ್ಕಕ್ಕಿಲ್ಲ. ಮಹಿಳೆಯರಿಗೆ ಪೂರ್ಣ ಸ್ಥಾನ ಸಿಕ್ಕಿದ್ದು 1992ರಲ್ಲಿ. ಅಷ್ಟರಲ್ಲಿ ಬರ್ಗ್‌ಮನ್ಸ್ ಆಟ ಮುಗಿದಿತ್ತು.

ಈಗ ಪಟ್ಟಿನ ವಿಷಯ. ವಾನ್ ಡೆ ವಾಲ್ಲೆ ಹೆಸರಾಗಿದ್ದು ಎದುರಾಳಿಯನ್ನು ಎತ್ತಿ ಕೆಡವುವ ಪಟ್ಟುಗಳಿಗೆ, ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ತೆ ಗುರುಮ ಅನ್ನುವ ಪಟ್ಟು ನೋಡಿ. ಎದುರಾಳಿ ನಿಮ್ಮನ್ನು ಸೊಂಟದ ಮೇಲಿಂದ ಎಸೆಯಬೇಕು ಅಂತ ಬೆನ್ನು ತಿರುಗಿಸಿ ಒಳಗೆ ನುಗ್ಗುತ್ತಾನೆ. ನೀವು ಮಂಡಿ ಬಾಗಿಸಿ ಸೊಂಟ ತಗ್ಗಿಸುತ್ತೀರಿ. ಒಂದು ಕೈ ಅವನ ಕಾಲರಿನಲ್ಲೇ ಇರುತ್ತದೆ, ಇನ್ನೊಂದು ಕೈ ತೊಡೆಗಳ ನಡುವೆ ತೂರುತ್ತದೆ, ಆಮೇಲೆ ಎತ್ತುವುದು ತೋಳಲ್ಲ, ಕಾಲು ಮತ್ತು ಸೊಂಟ. ಅವನ ಪಾದ ನೆಲ ಬಿಟ್ಟ ಮೇಲೆ 95 ಕೆಜಿ ಇದ್ದರೇನು, ಬಿಟ್ಟರೇನು? ಗಾಳಿಯಲ್ಲೇ ತಿರುಗಿಸಿ ಬೆನ್ನಿನ ಮೇಲೆ ಕೆಡವುವುದು. ಬೆನ್ನು ರಭಸದಿಂದ ಪೂರ್ತಿ ಚಾಪೆಗೆ ತಾಗಿದರೆ ಇಪ್ಪಾನ್, ಪಂದ್ಯ ಅಲ್ಲಿಗೇ ಮುಗಿಯಿತು. ನಮ್ಮ ಗರಡಿಯಲ್ಲಿ ಚಿತ್ ಮಾಡಿದ ಹಾಗೇ, ಆದರೆ ಇಲ್ಲಿ ಹಿಡಿತಕ್ಕೆ ತೊಟ್ಟ ಅಂಗಿ ಇದೆ, ಅದೇ ಎಲ್ಲವನ್ನೂ ಬದಲಿಸುತ್ತದೆ.

1992ರ ಬಾರ್ಸಿಲೋನಾ ಇವರ ಐದನೇ ಒಲಿಂಪಿಕ್ಸ್, ವಯಸ್ಸು 38. ಪದಕ ಬರಲಿಲ್ಲ. ಚಿನ್ನ ಗೆದ್ದ ಹಂಗೇರಿಯ ಅಂತಲ್ ಕೊವಾಚ್‌ಗೆ ಆಗ 20. ಲೆಕ್ಕ ಹಾಕಿ, ಇವರು ಮಾಂಟ್ರಿಯಲ್‌ನಲ್ಲಿ ಮೊದಲ ಸಲ ಚಾಪೆ ಹತ್ತಿದಾಗ ಆ ಹುಡುಗನಿಗೆ ನಾಲ್ಕು ವರ್ಷ. ಇದಾಗಿ ನಾಲ್ಕೇ ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ ಬೆಲ್ಜಿಯಂಗೆ ಜೂಡೋ ಒಂದರಲ್ಲೇ ನಾಲ್ಕು ಪದಕ ಬಂದವು. ಉಲ್ಲಾ ವೆರ್‌ಬ್ರೂಕ್ 72 ಕೆಜಿ ಚಿನ್ನ ಗೆದ್ದರು, 95ಕ್ಕಿಂತ ಮೇಲಿನ ಭಾರದಲ್ಲಿ ಹ್ಯಾರಿ ವಾನ್ ಬಾರ್ನೆವೆಲ್ಡ್ ಕಂಚು ತಂದರು.

ಕೊನೆಗೆ, ಇಲ್ಲಿ ಜೂಡೋ ಕಲಿಯುವವರು ಯಾರಾದರೂ ಇದ್ದರೆ ಅವರಿಗೆ ಒಂದು ಮಾತು. ಹಳೆಯ ವಿಡಿಯೋ ಹುಡುಕಿ ನೋಡಿ, ಖಂಡಿತ ನೋಡಿ. ಆದರೆ ಆ ತೆ ಗುರುಮ ಪಟ್ಟನ್ನು ಸುಮ್ನೆ ಪಂದ್ಯದಲ್ಲಿ ಹಾಕಲು ಹೋಗಬೇಡಿ. ಜೂಡೋ ಕುಸ್ತಿಯ ಹಾಗೆ ಆಗುತ್ತಿದೆ ಅಂತ 2010ರಲ್ಲಿ ಸೊಂಟದ ಕೆಳಗೆ ಕೈ ಹಾಕುವುದಕ್ಕೆ ಕಡಿವಾಣ ಬಿತ್ತು, 2013ರಲ್ಲಿ ಪೂರ್ತಿ ನಿಲ್ಲಿಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಅದೇ ನಿಯಮ ಇತ್ತು. ನಿಮ್ಮ ಪಂದ್ಯದಲ್ಲಿ ಯಾವ ನಿಯಮ ಅಂತ ಮೊದಲು ರೆಫರಿಯನ್ನು ಕೇಳಿಕೊಳ್ಳಿ.