ಸ್ಟೆನ್‌ಗನ್ ಮತ್ತು ಅದರ ಮ್ಯಾಗಜೀನು

ಕೇಳುಗರೆ, ನಮಸ್ಕಾರ.

1940ರ ಮೇ ಕೊನೆ, ಜೂನ್ ಮೊದಲ ವಾರ. ಡನ್‌ಕರ್ಕ್ ಕಡಲ ತೀರದಿಂದ 3,38,000ಕ್ಕೂ ಹೆಚ್ಚು ಸೈನಿಕರನ್ನು ಬ್ರಿಟನ್ ಹಡಗು, ದೋಣಿಗಳಲ್ಲಿ ಪಾರು ಮಾಡಿತು. ಜನ ಬದುಕಿ ಬಂದರು. ಫಿರಂಗಿ, ಲಾರಿ, ಬಂದೂಕುಗಳು ಫ್ರಾನ್ಸಿನಲ್ಲೇ ಉಳಿದವು. ಜರ್ಮನರು ಇಂದೋ ನಾಳೆಯೋ ಕಡಲು ದಾಟಿ ಬರುತ್ತಾರೆಂಬ ಭಯ. ಒಂದೇ ಸಮನೆ ಗುಂಡು ಸುರಿಸುವ ಅಮೆರಿಕದ ಥಾಮ್ಸನ್ ಗನ್ ಗಟ್ಟಿಮುಟ್ಟಾದದ್ದೇ, ಆದರೆ ದುಬಾರಿ. ಅದೂ ಅಟ್ಲಾಂಟಿಕ್ ಸಾಗರ ದಾಟಿ ಬರಬೇಕು.

ಆ ಇಕ್ಕಟ್ಟಿನಲ್ಲಿ ಹುಟ್ಟಿದ್ದು ಅದೇ ಬಗೆಯ ಅಗ್ಗದ ಬಂದೂಕು, ಸ್ಟೆನ್. ಮೇಜರ್ ರೆಜಿನಾಲ್ಡ್ ಶೆಫರ್ಡ್ ಮತ್ತು ಹೆರಾಲ್ಡ್ ಟರ್ಪಿನ್ ಅದನ್ನು ರೂಪಿಸಿದರು. ಕೊಳವೆಯಂಥ ಮೈ, ಒಳಗೊಂದು ಭಾರದ ಬೋಲ್ಟ್, ಅಂದರೆ ಹಿಂದೆ ಮುಂದೆ ಸರಿಯುತ್ತ ಗುಂಡನ್ನು ನಳಿಗೆಗೆ ತಳ್ಳಿ ಹಾರಿಸುವ ಉಕ್ಕಿನ ತುಂಡು, ಅದರ ಹಿಂದೆ ಸ್ಪ್ರಿಂಗು, ಎಡ ಪಕ್ಕಕ್ಕೆ ಚಾಚಿಕೊಂಡ ಮ್ಯಾಗಜೀನು, ಅಂದರೆ ಗುಂಡು ತುಂಬಿಡುವ ಪೆಟ್ಟಿಗೆ. ನೋಡಲು ಚೆಲುವಿಲ್ಲ. ಆದರೆ ಅದರ ಜಾಣತನವೆಲ್ಲ ತಯಾರಿಕೆಯಲ್ಲಿತ್ತು. ತಗಡು ಒತ್ತುವ, ಬೆಸೆಯುವ ಕೆಲಸ ಬಲ್ಲ ಸಣ್ಣಪುಟ್ಟ ಕಾರ್ಖಾನೆಗಳಿಗೂ ಬಿಡಿಭಾಗಗಳನ್ನು ಹಂಚಿಕೊಡಬಹುದಿತ್ತು. ಮೂರನೆಯ ಮಾದರಿಯನ್ನಂತೂ ಮಕ್ಕಳ ಆಟಿಕೆ ಮಾಡುತ್ತಿದ್ದ ಲೈನ್ಸ್ ಬ್ರದರ್ಸ್ ಕಂಪನಿ ತಯಾರಿಸಿತು. ಯುದ್ಧ ಒಂದು ದೇಶವನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ! 1940ರ ದಶಕದಲ್ಲಿ ಸುಮಾರು 40 ಲಕ್ಷ ಸ್ಟೆನ್‌ಗಳು ತಯಾರಾದವು.

ಕೊರತೆಯಿದ್ದದ್ದು ಮ್ಯಾಗಜೀನಿನಲ್ಲಿ. ಜರ್ಮನ್ ಮಾದರಿಯನ್ನು ನೋಡಿ ಮಾಡಿದ ಆ ಪೆಟ್ಟಿಗೆಗೆ 9 ಮಿ.ಮೀ.ನ 32 ಗುಂಡು ಹಿಡಿಯುತ್ತಿದ್ದವು. ಒಳಗೆ ಎರಡು ಸಾಲಾಗಿ ಕೂತ ಗುಂಡುಗಳು ಬಾಯಿಯ ಹತ್ತಿರ ಒಂದೇ ಸಾಲಿಗೆ ಸೇರಬೇಕು. ಕಿರಿದಾದ ಬಾಗಿಲಲ್ಲಿ ಜನ ನುಗ್ಗಿದ ಹಾಗೆ, ನೂಕುನುಗ್ಗಲು ಅಲ್ಲೇ. ಸ್ವಲ್ಪ ಮಣ್ಣು ಸೇರಿದರೂ ಸಾಕು, ಬಾಯಂಚು ಕೊಂಚ ಸೊಟ್ಟಗಾದರೂ ಸಾಕು, ಗುಂಡು ಸಿಕ್ಕಿಕೊಳ್ಳುತ್ತಿತ್ತು. ಅನುಭವಸ್ಥ ಸೈನಿಕರು 32 ತುಂಬುತ್ತಲೇ ಇರಲಿಲ್ಲ, ಒಂದೆರಡು ಕಡಿಮೆ ಹಾಕುತ್ತಿದ್ದರು.

1942ರ ಮೇ 27ರಂದು ಪ್ರಾಗ್ ನಗರದ ಒಂದು ತಿರುವಿನಲ್ಲಿ ನಾಜಿ ಅಧಿಕಾರಿ ಹೈಡ್ರಿಖ್‌ನ ತೆರೆದ ಕಾರಿನೆದುರು ಚೆಕೊಸ್ಲೊವಾಕಿಯಾದ ಸೈನಿಕ ಯೋಸೆಫ್ ಗಾಬ್ಚಿಕ್ ಸ್ಟೆನ್ ಹಿಡಿದು ನಿಂತ. ಗುಂಡು ಹಾರಲಿಲ್ಲ! ಜೊತೆಗಾರ ಯಾನ್ ಕುಬಿಷ್ ಎಸೆದ ಬಾಂಬು ಕೆಲಸ ಮಾಡಿತು. ಹೈಡ್ರಿಖ್ ಜೂನ್ 4ರಂದು ಸತ್ತ. ಇಷ್ಟಾದರೂ ಡೆನ್ಮಾರ್ಕ್, ನಾರ್ವೆ, ಪೋಲೆಂಡಿನ ಭೂಗತ ಹೋರಾಟಗಾರರು ಸ್ಟೆನ್ ಬಿಡಲಿಲ್ಲ, ಗುಟ್ಟಾಗಿ ತಾವೇ ತಯಾರಿಸಿಕೊಂಡರು. ಯುದ್ಧದ ಕೊನೆಗೆ ಜರ್ಮನರೇ ಅದನ್ನು ನಕಲು ಮಾಡಿದರು. ಜೀವ ಪಣಕ್ಕಿಟ್ಟ ಮನುಷ್ಯನ ಕೈಯಲ್ಲಿ ಏನೂ ಇಲ್ಲದಿರುವುದಕ್ಕಿಂತ ಕುಂದುಳ್ಳ ಬಂದೂಕಾದರೂ ಇರಲಿ ಎಂಬ ಆ ಲೆಕ್ಕವನ್ನು ನಾನು ತಪ್ಪೆನ್ನಲಾರೆ.

ಮ್ಯಾಗಜೀನಿಗೆ ಮದ್ದು ಕಂಡುಹಿಡಿದವನು ಜಾರ್ಜ್ ಪ್ಯಾಚೆಟ್. ಅವನ ಸ್ಟರ್ಲಿಂಗ್ ಗನ್ನಿನ ಮ್ಯಾಗಜೀನು ಬಾಗಿದ್ದು, 34 ಗುಂಡಿನದು. ಎರಡು ಸಾಲುಗಳನ್ನು ಒಂದಕ್ಕೆ ತುರುಕುವ ಗೋಜಿಲ್ಲ, ಎಡಬಲದಿಂದ ಸರದಿಯ ಮೇಲೆ ಗುಂಡು ಬರುತ್ತದೆ. ಕೆಳಗಿನಿಂದ ಅವನ್ನು ಮೇಲೆ ತಳ್ಳಲು ಉರುಳೆಗಳಿವೆ. ಬೋಲ್ಟಿನ ಮೈಮೇಲಿನ ಓರೆ ಗೀರುಗಳು ಕೊಳೆಯನ್ನು ಹೊರಹಾಕುತ್ತವೆ. 1953ರಲ್ಲಿ ಬ್ರಿಟಿಷ್ ಸೇನೆ ಅದನ್ನು ಒಪ್ಪಿಕೊಂಡಿತು. ಮುಂದೆ ಅದೇ ಗನ್ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ಕಾರ್ಬೈನ್ ಎಂಬ ಹೆಸರಿನಲ್ಲಿ ತಯಾರಾಗಿ, ನಮ್ಮ ಸೈನಿಕರ, ಪೊಲೀಸರ ಹೆಗಲೇರಿತು. ನಮಸ್ಕಾರ.