ಡ್ರಾ ಆದ್ರೂ ನೋಡ್ಲೇಬೇಕಾದ ಆಟ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಶಿರಸಿ ಕಡೆ ಮಳೆಗಾಲ ಗೊತ್ತಲ್ಲ, ತೋಟಕ್ಕೆ ಹೋಗೂಕಾಗ್ದೆ ಕರೆಂಟೂ ಹೋಯ್ತು ಅಂದ್ರೆ ಜಗಲಿ ಮೇಲೆ ಚೆಸ್ ಬೋರ್ಡ್ ಬಂದೇ ಬರ್ತದೆ, ಆದ್ರೆ ಆಟ ಡ್ರಾ ಆದ್ಕೂಡ್ಲೆ ಸುತ್ತ ಕೂತವ್ರು "ಥೋ, ಇಷ್ಟೊತ್ತು ಕೂತಿದ್ದೇ ದಂಡ" ಅಂತ ಎದ್ದು ಹೋಗ್ತಾರೆ. ಅದು ನಂಗೆ ಭಾಳ ಬೇಜಾರು.

2018ರ ನವೆಂಬರ್‌ನಲ್ಲಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೀತು. ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್, ಎದುರಿಗೆ ಅಮೆರಿಕದ ಫ್ಯಾಬಿಯಾನೋ ಕರುವಾನಾ. ಕ್ಲಾಸಿಕಲ್ ಗೇಮ್, ಅಂದ್ರೆ ತಾಸುಗಟ್ಲೆ ಯೋಚ್ನೆ ಮಾಡಿ ಆಡೂ ಆಟ, 12, ಹನ್ನೆರಡೂ ಡ್ರಾ! ಹಂಗೆ ಹಿಂದೆಂದೂ ಆಗಿರ್ಲಿಲ್ಲ. ಮೊದಲನೇದೇ 115 ನಡೆ ಹೋಯ್ತು, ಸುಮಾರು ಏಳು ತಾಸು. ಆದ್ರೆ ನಂಗೆ ಮನಸಲ್ಲಿ ಕೂತಿದ್ದು 6ನೇ ಗೇಮು.

ಅದ್ರಲ್ಲಿ ಕಾರ್ಲ್‌ಸನ್ ಬಿಳಿ. ಆಟದ ಕೊನೆ ಹೊತ್ತಿಗೆ ಕರುವಾನಾ ಹತ್ರ ಒಂಟೆ, ಕುದುರೆ ಎರಡೂ ಉಂಟು, ಕಾರ್ಲ್‌ಸನ್ ಹತ್ರ ಒಂಟೆ ಒಂದೇ, ಜೊತೆಗೆ ಕಾಲಾಳುಗಳು. ಅಷ್ಟು ಕಮ್ಮಿ ಇಟ್ಕೊಂಡು ಚಾಂಪಿಯನ್ ಕಾರ್ಲ್‌ಸನ್ ಕೋಟೆ ಕಟ್ಟಿ ಕೂತ, ಕರುವಾನಾ ಸುತ್ತಿ ಸುತ್ತಿ ಒಳಗೆ ನುಗ್ಗೂಕೆ ನೋಡ್ದ, ಆಗ್ಲಿಲ್ಲ, 80ನೇ ನಡೆಗೆ ಡ್ರಾ.

ಇಲ್ಲಿದೆ ನೋಡಿ ವಿಷಯ. ಸೆಸ್ಸೆ ಅಂತ ನಾರ್ವೆಯಲ್ಲೊಂದು ಭಾರೀ ಕಂಪ್ಯೂಟರ್, ಅದು 68ನೇ ನಡೆಯಲ್ಲಿ ಕಪ್ಪಿನವ್ನು ಒಂಟೆನ ಎಚ್4 ಅನ್ನೂ ಮನೆಗೆ ಇಟ್ರೆ ಗೆಲುವು ಅಂತ ತೋರಿಸ್ತು. ಹೆಂಗೆ ಅಂದ್ರೆ ಒಂಟೆ ಇಟ್ಟು, ಆಮೇಲೆ ತನ್ನ ಕುದುರೆನ ತಾನೇ ಜಿ1ಕ್ಕೆ, ಅಂದ್ರೆ ಎದುರಾಳಿಯ ಕೊನೇ ಸಾಲಿಗೆ ತಳ್ಳಬೇಕು, ಅಲ್ಲಿ ಬಿಳಿ ಒಂಟೆ ಅದರ ದಾರಿ ಕಟ್ಟಿ ಹಾಕ್ತದೆ, ಕುದುರೆ ಹೊರಗೆ ಬರೂಕಾಗೂದಿಲ್ಲ, ಆದ್ರೂ ಗೆಲುವು ಕಪ್ಪಿಗೇ, ಯಾಕಂದ್ರೆ ಮುಂದೆ ಬಿಳಿಯವ್ನಿಗೆ ನಡೀಲೇಬೇಕು, ಚಲೋ ನಡೆ ಮಾತ್ರ ಒಂದೂ ಇಲ್ಲ! ತನ್ನ ಕುದುರೆನ ತಾನಾಗೇ ಹಂಗೆ ಸಿಕ್ಕಿಸೂದು ಮನುಷ್ಯರಿಂದ ಆಗೂ ಕೆಲಸ ಅಲ್ಲ ಅಂತ ಹಿಂದಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವ್ರೇ ಹೇಳಿದ್ರು. ಕರುವಾನಾ ಆ ನಡೆ ಆಡ್ಲಿಲ್ಲ, ಹಂಗಂತ ಅವ್ನು ಗೆಲುವು ಬಿಟ್ಟ ಅನ್ನೂದು ನಂಗೆ ಅನ್ಯಾಯ ಅನಿಸ್ತದೆ. ಎಷ್ಟೋ ತಾಸು ಕೂತು ದಣಿದವ್ನ ಕಣ್ಣಿಗೆ ಅದು ಕಾಣೂದು ಹೆಂಗೆ? ಕಾರ್ಲ್‌ಸನ್ ಕಾದುಕೊಂಡಿದ್ದೂ ಸಣ್ಣ ಕೆಲಸ ಅಲ್ಲ.

ಕೊನೆಗೆ ಸಮ ಆದದ್ದನ್ನ ಬಿಡಿಸೂಕೆ ಆಡಿದ ಕಮ್ಮಿ ಸಮಯದ ಆಟಗಳಲ್ಲಿ, ಅಂದ್ರೆ ರ್‍ಯಾಪಿಡ್ ಟೈಬ್ರೇಕ್‌ನಲ್ಲಿ, ಕಾರ್ಲ್‌ಸನ್ 3-0 ಗೆದ್ದ, ಅದು ಬೇರೆ ಮಾತು.

ಮಕ್ಕಳೇ, ಈ 6ನೇ ಗೇಮಿನ ನಡೆಗಳು ನೆಟ್ಟಲ್ಲಿ ಸಿಗ್ತವೆ. ಬೋರ್ಡ್ ಮೇಲೆ ಇಟ್ಟು, ಬಿಳಿಯ 68ನೇ ನಡೆ ಆದ್ಮೇಲೆ ನಿಲ್ಲಿಸಿ, ಕಪ್ಪಿನ ಕಡೆ ಕೂತು ಅರ್ಧ ತಾಸು ನೋಡಿ. ಎಂಜಿನ್, ಅಂದ್ರೆ ನಡೆ ಲೆಕ್ಕ ಹಾಕೂ ಕಂಪ್ಯೂಟರ್ ಪ್ರೋಗ್ರಾಂ, ಆನ್ ಮಾಡೂದು ಆಮೇಲೆ. ನಮಸ್ಕಾರ.