ಮುಚ್ಚಳದ ಕೆಳಗಿನ ಸದ್ದು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಾನು ಮಾತಾಡುವುದು ನಮ್ಮ ಮನೆಯ ಕಕ್ಕಸಿನ ಬಗ್ಗೆ. ಊಟಕ್ಕೆ ಕೂತು ರೇಡಿಯೊ ಹಚ್ಚಿದವರು ಬೇಸರ ಮಾಡಿಕೊಳ್ಳಬೇಡಿ. ಕಮೋಡಿನ ಹಿಂದಿರುವ ಫ್ಲಶ್ ಟ್ಯಾಂಕಿನವರೆಗೆ ಮಾತ್ರ ಹೋಗುತ್ತೇನೆ, ಅದರಿಂದ ಕೆಳಗಿಳಿಯುವುದಿಲ್ಲ.

ನಮ್ಮದು ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಎರಡಂತಸ್ತಿನ ಮನೆ. ಕೆಳಗೆ ನಾವು ಮೂವರು, ಮೇಲೆ ಬಾಡಿಗೆಯವರು. ಇಬ್ಬರಿಗೂ ಸಂಪು ಒಂದೇ, ತಾರಸಿಯ ಟ್ಯಾಂಕೂ ಒಂದೇ. ಬೆಳಿಗ್ಗೆ ಒಂದು ಸಲ ಮೋಟಾರು ಹಾಕಿದರೆ ದಿನ ಕಳೆಯುತ್ತಿತ್ತು. ಹೋದ ಬೇಸಿಗೆಯಲ್ಲಿ ಸಂಜೆಯೂ ಹಾಕಬೇಕಾಗಿ ಬಂತು. ಮೇಲಿನವರು ಆಗಷ್ಟೇ ವಾಷಿಂಗ್ ಮಷೀನ್ ತಂದಿದ್ದರು. ಇನ್ನೇನು ಬೇಕು ನಮಗೆ? ತೀರ್ಪು ಕೊಟ್ಟೇಬಿಟ್ಟೆವು. ನಮ್ಮತ್ತೆ ಎರಡು ಸಲ ಮೆಟ್ಟಿಲ ಬುಡದಲ್ಲಿ ನಿಂತು, "ನೀರು ಸ್ವಲ್ಪ ನೋಡ್ಕೊಂಡು ಬಳಸೀಮ್ಮಾ" ಅಂತ ಹೇಳಿದ್ದೂ ಆಯಿತು. ಪಾಪ, ಆ ಹುಡುಗಿ ತಲೆಯಾಡಿಸಿ ಒಳಗೆ ಹೋಗಿದ್ದಳು.

ಆಮೇಲೊಂದು ರಾತ್ರಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಫ್ರಿಜ್ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ನಮ್ಮ ಬಚ್ಚಲುಮನೆಯ ಕಡೆಯಿಂದ ಸಣ್ಣಗೆ 'ಸುಯ್' ಎನ್ನುವ ಸದ್ದು. ಯಾರೂ ಫ್ಲಶ್ ಮಾಡಿ ಗಂಟೆಯ ಮೇಲಾಗಿತ್ತು. ತುಂಬಿ ಸುಮ್ಮನಿರಬೇಕಾದ ಟ್ಯಾಂಕು ಇನ್ನೂ ತುಂಬಿಕೊಳ್ಳುತ್ತಲೇ ಇತ್ತು.

ಬೆಳಿಗ್ಗೆ ಬೀಟ್‌ರೂಟ್ ಬೇಯಿಸಿದ ನೀರು ಒಂದು ಲೋಟ ಮಿಕ್ಕಿತ್ತು. ಅದನ್ನು ಫ್ಲಶ್ ಟ್ಯಾಂಕಿನೊಳಗೆ ಸುರಿದು, ಅರ್ಧ ಗಂಟೆ ಯಾರೂ ಆ ಕಡೆ ಹೋಗಬಾರದು ಎಂದು ಅಪ್ಪಣೆ ಮಾಡಿದೆ. ಹೋಗಿ ನೋಡಿದರೆ ಬಿಳಿ ಕಮೋಡಿನ ಗೋಡೆಯ ಮೇಲೆ ತೆಳ್ಳಗೆ ಕೆಂಪು ಇಳಿಯುತ್ತಿದೆ. ನೀರಿಗೆ ಬಣ್ಣವಿಲ್ಲದ್ದರಿಂದ ಅಷ್ಟು ದಿನ ಕಂಡಿರಲಿಲ್ಲ, ಅಷ್ಟೇ. ಬೀಟ್‌ರೂಟ್ ಇಲ್ಲದಿದ್ದರೆ ಕೇಸರಿಬಾತಿಗೆ ಹಾಕುವ ಬಣ್ಣವೂ ಆಗುತ್ತದೆ.

ಎಷ್ಟು ಹೋಗುತ್ತಿದೆ ಅಂತ ಅಳೆಯುವ ಚಪಲ ನನಗೆ. ಟ್ಯಾಂಕಿಗೆ ನೀರು ಬಿಡುವ ಗೋಡೆಯ ನಲ್ಲಿ ಇದೆಯಲ್ಲ, ಪ್ಲಂಬರುಗಳು ಆಂಗಲ್ ಕಾಕ್ ಅನ್ನುತ್ತಾರೆ, ಅದನ್ನು ತಿರುಗಿಸಿ ಮುಚ್ಚಿದೆ. ನೀರಿನ ಮಟ್ಟಕ್ಕೆ ಒಳಗೋಡೆಯ ಮೇಲೆ ಮಗಳ ಪೆನ್ಸಿಲಿನಿಂದ ಗೆರೆ ಎಳೆದೆ. ಅರ್ಧ ಗಂಟೆಗೆ ನೀರು 4 ಸೆಂಟಿಮೀಟರ್ ಇಳಿದಿತ್ತು. ನಮ್ಮ ಟ್ಯಾಂಕಿನ ಒಳಗಳತೆ ಉದ್ದ 35, ಅಗಲ 15 ಸೆಂಟಿಮೀಟರ್. ಅಂದರೆ ಒಂದು ಸೆಂಟಿಮೀಟರ್ ಇಳಿದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಗಂಟೆಗೆ 4 ಲೀಟರ್, ದಿನಕ್ಕೆ 100 ಲೀಟರ್! ನಗರದ ನೀರಿನ ಯೋಜನೆ ಹಾಕುವ ಎಂಜಿನಿಯರುಗಳು ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಮೂವರ ಜೊತೆಗೆ ಹೆಚ್ಚುಕಡಿಮೆ ನಾಲ್ಕನೆಯವನೊಬ್ಬ ಕಣ್ಣಿಗೆ ಬೀಳದೆ ಸಂಸಾರ ಮಾಡುತ್ತಿದ್ದ. ತಿಂಗಳಿಗೆ 3000 ಲೀಟರ್ ಅಂದರೆ ಸಣ್ಣ ಟ್ಯಾಂಕರ್ ಲಾರಿಯಲ್ಲಿ ಅರ್ಧ. 2024ರ ಮಾರ್ಚಿನಲ್ಲಿ ಬೆಂಗಳೂರು ಒಣಗಿದಾಗ ಜಿಲ್ಲಾಡಳಿತವೇ 6000 ಲೀಟರಿನ ಟ್ಯಾಂಕರಿಗೆ, ಐದು ಕಿಲೋಮೀಟರಿನೊಳಗಾದರೆ 600 ರೂಪಾಯಿ ಎಂದು ದರ ಕಟ್ಟಬೇಕಾಗಿ ಬಂದಿತ್ತು, ನಿಮಗೆ ನೆನಪಿರಬಹುದು.

ಆ ನೀರಾದರೂ ಎಲ್ಲಿಂದ ಬಂದದ್ದು? ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪಿನ ಬಲದಿಂದ ಮೇಲೇರಿ ಬಂದ ಕಾವೇರಿ. ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರ. ಅಲ್ಲಿಂದ ನಮ್ಮ ಸಂಪು, ಸಂಪಿನಿಂದ ತಾರಸಿಗೆ ಇನ್ನೊಂದು ಮೋಟಾರು. ಇಷ್ಟೆಲ್ಲ ಏರಿ ಬಂದು ಕಮೋಡಿನೊಳಗೆ ಸದ್ದಿಲ್ಲದೆ ಜಾರಿ ಹೋಗುವುದು.

ಹಿಂದಿನವರ ಮನೆಯಲ್ಲಿ ತಲೆಯ ಮೇಲೆ ಎರಕದ ಕಬ್ಬಿಣದ ಟ್ಯಾಂಕು, ಕೆಳಗೆ ಇಳಿಬಿಟ್ಟ ಸರಪಳಿ ಇರುತ್ತಿತ್ತು. ಎಳೆದರೆ ಧಬಧಬ ಅಂತ ಇಡೀ ವಠಾರಕ್ಕೆ ಕೇಳಿಸುತ್ತಿತ್ತು. ಅದರೊಳಗೆ ತಳದ ವಾಲ್ವೇ ಇರಲಿಲ್ಲ, ನೀರನ್ನು ಮೇಲೆ ಹತ್ತಿಸಿ ಆಚೆ ಇಳಿಸುವ, ಗಂಟೆಯಂಥ ಒಂದು ಸೈಫನ್. ಸರಪಳಿ ಎಳೆಯದೆ ನೀರು ಇಳಿಯುವ ದಾರಿಯೇ ಇಲ್ಲ. ನೀರು ಹೆಚ್ಚಾದರೆ ಪಕ್ಕದ ಕೊಳವೆಯಿಂದ ಹೊರಗೆ ಸುರಿದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಬ್ರಿಟನ್ನಿನಲ್ಲಿ ಇಂಥ ಟ್ಯಾಂಕನ್ನೇ ನೀರು ಪೋಲು ತಡೆಯುವ ಸಾಧನ ಅಂತ ಕರೆಯುತ್ತಿದ್ದರು. ತಳದಲ್ಲಿ ವಾಲ್ವ್ ಇರುವ ಟ್ಯಾಂಕಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ಈಗಿನದು ನೋಡಲು ಚೆಂದ, ಗುಂಡಿ ಒತ್ತಿದರೆ ಸಾಕು. ಆದರೆ ಸೋರಿದರೆ ಒಳಗೊಳಗೇ ಸೋರುತ್ತದೆ. ನನಗಂತೂ ಆ ಗದ್ದಲದ ಟ್ಯಾಂಕೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಸರಿ, ರಿಪೇರಿಗೆ ಬರೋಣ. ಮುಚ್ಚಳ ತೆಗೆಯುತ್ತೇನೆ ಎಂದಾಗ ನಮ್ಮತ್ತೆ, "ಅದಕ್ಕೆಲ್ಲ ನೀನ್ಯಾಕೆ ಕೈ ಹಾಕ್ತೀಯೆ, ಯಾರನ್ನಾದ್ರೂ ಕರೆಸು" ಎಂದರು. ನಮ್ಮಲ್ಲಿ ಎಷ್ಟೋ ಟ್ಯಾಂಕುಗಳು ವರ್ಷಗಟ್ಟಲೆ ಸೋರುವುದು ಈ ಒಂದು ಮಾತಿನಿಂದಲೇ ಇರಬೇಕು. ಮೈಲಿಗೆಯ ಭಯ. ಟ್ಯಾಂಕಿನೊಳಗೆ ಇರುವುದು ತಾರಸಿಯಿಂದ ಇಳಿದು ಬಂದ, ಅಡುಗೆಮನೆಗೂ ಬರುವ ಅದೇ ನೀರು. ಇನ್ನೂ ಕಮೋಡಿಗೆ ಇಳಿದಿಲ್ಲ. ಇಷ್ಟು ಹೇಳಿದ ಮೇಲೂ ಅವರು ದೂರವೇ ನಿಂತರು, ಆದರೆ ಟಾರ್ಚ್ ಹಿಡಿದರು.

ಪಿಂಗಾಣಿ ಮುಚ್ಚಳವಾದರೆ ಭಾರ, ಕೆಳಗೊಂದು ಗೋಣಿಚೀಲ ಹಾಸಿ ಇಡಿ. ಗುಂಡಿ ಮುಚ್ಚಳದ ಮೇಲೆಯೇ ಇದ್ದರೆ ಮೊದಲು ಅದನ್ನು ತಿರುಗಿಸಿ ಬಿಚ್ಚಬೇಕು. ಒಳಗೆ ಎರಡೇ ಮುಖ್ಯ ಭಾಗ. ಪಕ್ಕದಲ್ಲಿ ನೀರು ಒಳಬಿಡುವ ವಾಲ್ವು, ಅದಕ್ಕೆ ತೇಲುವ ಬುರುಡೆ. ನಡುವೆ ನೀರನ್ನು ಕೆಳಗೆ ಬಿಡುವ ವಾಲ್ವು, ಅದರ ಮೈಯಲ್ಲೇ ಹೆಚ್ಚಾದ ನೀರು ಇಳಿದು ಹೋಗುವ ಕೊಳವೆ. ಆ ಕೊಳವೆಯ ಬಾಯಿಗೆ ನೀರು ತುಂಬಿ ಬೀಳುತ್ತಿದ್ದರೆ ತಪ್ಪು ತೇಲುಬುರುಡೆಯ ಕಡೆಯದು. ಬುರುಡೆಯನ್ನು ಕೈಯಿಂದ ಮೇಲೆತ್ತಿ. ನೀರು ನಿಂತರೆ, ಅದರ ಸ್ಕ್ರೂ ತಿರುಗಿಸಿ ಬುರುಡೆಯನ್ನು ತುಸು ಕೆಳಗಿಳಿಸಿ, ಕೊಳವೆಯ ಬಾಯಿಗಿಂತ ಒಂದಂಗುಲ ಕೆಳಗೇ ನೀರು ನಿಲ್ಲುವಂತೆ ಮಾಡಿದರೆ ಮುಗಿಯಿತು. ಎತ್ತಿದರೂ ನಿಲ್ಲದಿದ್ದರೆ ನೀರು ಒಳಬಿಡುವ ವಾಲ್ವಿನೊಳಗೆ ಮರಳು ಸಿಕ್ಕಿರಬೇಕು, ಇಲ್ಲವೇ ಅದರ ವಾಷರ್ ಸವೆದಿರಬೇಕು.

ನೀರು ಕೊಳವೆಯ ಬಾಯಿ ಮುಟ್ಟದೆಯೂ ಕಮೋಡಿಗೆ ಇಳಿಯುತ್ತಿದ್ದರೆ ತಪ್ಪು ನಡುವಿನ ವಾಲ್ವಿನ ತಳದ ವಾಷರಿನದು. ನಮ್ಮದು ಈ ಎರಡನೆಯ ಜಾತಿ. ಆಂಗಲ್ ಕಾಕ್ ಮುಚ್ಚಿ, ಒಂದು ಸಲ ಫ್ಲಶ್ ಮಾಡಿ ಟ್ಯಾಂಕು ಬರಿದು ಮಾಡಿದೆ. ನಡುವಿನ ವಾಲ್ವನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿದರೆ ಇಡಿಯಾಗಿ ಮೇಲೆ ಬಂತು. ಅದರ ಪಾದದಲ್ಲಿ ಮಗುವಿನ ಬಳೆಯಂಥ ರಬ್ಬರು ವಾಷರ್. ಮುಟ್ಟಿದರೆ ತರಿತರಿ. ನಮಗೆ ಕಾವೇರಿ ಬರದ ದಿನ ಬೋರ್‌ವೆಲ್ ನೀರೇ ಗತಿ. ಆ ಗಡಸು ನೀರಿನ ಸುಣ್ಣ ಅಲ್ಲಿ ಕೂತು ಗಟ್ಟಿಯಾಗಿತ್ತು. ರಬ್ಬರು ಸಮನಾಗಿ ಕೂರದಿದ್ದರೆ ಕೂದಲೆಳೆ ಸಂದು ಸಾಕು ನೀರಿಗೆ. ಹುಣಸೆಹಣ್ಣಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ, ವಾಷರ್ ಕೂರುವ ಜಾಗವನ್ನೂ ಒರೆಸಿದೆ. ಆಸಿಡ್ ಮಾತ್ರ ಸುರಿಯಬೇಡಿ, ರಬ್ಬರು ಕೆಡುತ್ತದೆ. ಟ್ಯಾಂಕಿನೊಳಗೆ ಬಿಡುವ ಬ್ಲೀಚಿಂಗ್ ಮಾತ್ರೆಗಳಿಗೂ ಅದೇ ಮಾತು.

ಒಂದು ವಾರ ನಿಂತಿತು, ಮತ್ತೆ ಸುಯ್ ಅಂದಿತು. ವಾಷರ್ ಗಡುಸಾಗಿ ಬಿರುಕು ಬಿಟ್ಟಿತ್ತು. ಅದನ್ನೇ ಚೀಟಿಯಲ್ಲಿ ಸುತ್ತಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಬಾಯಿಮಾತಿನಲ್ಲಿ ಕೇಳಿದರೆ ತಪ್ಪಾದದ್ದೇ ಬರುತ್ತದೆ, ಕಂಪನಿಗೊಂದು ಅಳತೆ. ಹೊಸದಕ್ಕೆ ಬಿದ್ದ ದುಡ್ಡು ಇಬ್ಬರು ಹೋಟೆಲಿನಲ್ಲಿ ಮಸಾಲೆದೋಸೆ ತಿಂದದ್ದಕ್ಕಿಂತ ಕಡಿಮೆ.

ಒಂದು ಎಚ್ಚರಿಕೆ. ಆಂಗಲ್ ಕಾಕ್ ವರ್ಷಗಟ್ಟಲೆ ತಿರುಗದೆ ಜಡ್ಡುಗಟ್ಟಿದ್ದರೆ ಬಲ ಹಾಕಬೇಡಿ. ಮುರಿದರೆ ಬಚ್ಚಲುಮನೆಯೇ ಕೆರೆ. ತಾರಸಿಯ ಟ್ಯಾಂಕಿನ ವಾಲ್ವನ್ನೇ ಮುಚ್ಚಿಕೊಂಡು ಬನ್ನಿ. ಟ್ಯಾಂಕು ಗೋಡೆಯೊಳಗೆ ಅಡಗಿದ್ದರೆ ಗುಂಡಿಯ ಫಲಕ ಬಿಚ್ಚಿ ಕೈ ತೂರಿಸಬೇಕು. ಅಭ್ಯಾಸವಿಲ್ಲದವರು ಪ್ಲಂಬರನ್ನೇ ಕರೆಯುವುದು ಮೇಲು.

ಮೋಟಾರು ಮತ್ತೆ ದಿನಕ್ಕೆ ಒಂದೇ ಸಲಕ್ಕೆ ಬಂತು. ಆ ಭಾನುವಾರ ನಮ್ಮತ್ತೆ ಒಂದು ಡಬ್ಬಿ ಚಕ್ಕುಲಿ ಹಿಡಿದು ತಾವೇ ಮೆಟ್ಟಿಲು ಹತ್ತಿದರು. ಕ್ಷಮೆ ಗಿಮೆ ಅಂತ ಬಾಯಲ್ಲಿ ಏನೂ ಹೇಳಲಿಲ್ಲವಂತೆ. ಇಳಿದು ಬಂದವರು ನೇರ ಅಡುಗೆಮನೆಗೆ ಹೋಗಿ, "ಬೀಟ್‌ರೂಟ್ ಇದ್ಯೇನೆ? ಅವರ ಟ್ಯಾಂಕೂ ಯಾಕೋ ಸುಯ್ ಅಂತಿದೆ" ಎಂದರು.

ನಮಸ್ಕಾರ.